ಏರ್‌ಫ್ಲೋ ಲಾಗ್‌ಗೆ ಒಬಿಡಿಲಿಂಕ್ ಎಂಎಕ್ಸ್ ಪ್ಲಸ್: ಯಾವ ಗಾಡಿಗೆ ಹಣ ವಸೂಲಿ, ಯಾವುದಕ್ಕೆ ದಂಡ

ಡೀಸೆಲ್ ಗಾಡಿಯ ಪಿಕಪ್ ಸತ್ತಿದೆ, ರಿಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಾವಣೆ) ಮಾಡಿಸೋಣ ಎಂದು ಹೊರಡುವವರು ಬೆಳಗಾವಿಯಲ್ಲಿ ಕಡಿಮೆ ಇಲ್ಲ. ಮೊದಲ ಖರ್ಚು ರಿಮ್ಯಾಪಿಗೆ ಆಗಬಾರದು. ಎಂಜಿನ್ ಎಷ್ಟು ಗಾಳಿ ಎಳೆಯುತ್ತಿದೆ ಎಂಬ ಲೆಕ್ಕ ಮೊದಲು ಕೈಗೆ ಬರಬೇಕು. ಸೆನ್ಸರ್ ಕೊಳೆಯಾಗಿದ್ದರೆ, ಟರ್ಬೊ ಹೋಸ್ ಸೀಳಿದ್ದರೆ ಹೊಸ ಮ್ಯಾಪ್ ಅದೇ ಸುಳ್ಳು ಅಂಕಿಯ ಮೇಲೆ ಕೂರುತ್ತದೆ. ಆ ಲೆಕ್ಕದ ದಾಖಲೆ (ಲಾಗ್) ತೆಗೆಯಲು, ಗಾಡಿಯ ಒಬಿಡಿ ಸಾಕೆಟ್‌ಗೆ ಚುಚ್ಚಿ ಎಂಜಿನ್ ಕಂಪ್ಯೂಟರಿನ ಅಂಕಿ ಓದುವ ಒಬಿಡಿಲಿಂಕ್ ಎಂಎಕ್ಸ್ ಪ್ಲಸ್ ಎಂಬ ಬ್ಲೂಟೂತ್ ಅಡಾಪ್ಟರ್ ಮತ್ತು ಟಾರ್ಕ್ ಪ್ರೊ ಆ್ಯಪ್ ಜೋಡಿ ಎಷ್ಟು ಕೆಲಸಕ್ಕೆ ಬರುತ್ತದೆ ಎಂಬುದು ಈ ವಿಮರ್ಶೆಯ ವಿಷಯ.

ಬೆಲೆಯಿಂದಲೇ ಶುರು ಮಾಡಬೇಕು. ಆನ್‌ಲೈನಿನಲ್ಲಿ ಐನೂರು, ಆರುನೂರು ರೂಪಾಯಿಗೆ ಇಎಲ್‌ಎಂ 327 ಎಂಬ ಚಿಪ್ಪಿನ ಹೆಸರು ಹೊತ್ತ ನೀಲಿ ಡಬ್ಬಿ ಸಿಗುತ್ತದೆ. ಎಂಎಕ್ಸ್ ಪ್ಲಸ್ ತರಿಸಿದರೆ ಹತ್ತು ಸಾವಿರ ದಾಟುತ್ತದೆ. ಎರಡೂ ಅದೇ 16 ಪಿನ್ನಿನ ಸಾಕೆಟ್‌ಗೆ ಕೂರುತ್ತವೆ, ಎರಡೂ ಅದೇ ಅಂಕಿ ತೋರಿಸುತ್ತವೆ. ಹಾಗಾದರೆ ಇಷ್ಟು ಹಣ ಯಾಕೆ? ಒಂದೇ ಉತ್ತರ: ಸೆಕೆಂಡಿಗೆ ಎಷ್ಟು ಸಲ ಓದುತ್ತದೆ ಎಂಬುದು.

ಅಗ್ಗದ ಡಬ್ಬಿ ಬ್ಲೂಟೂತಿನಲ್ಲಿ ಸೆಕೆಂಡಿಗೆ ಸುಮಾರು ಹತ್ತು ರೀಡಿಂಗ್ ಕೊಟ್ಟರೆ ದೊಡ್ಡದು. ಇದು ಎಲ್ಲ ಸೆನ್ಸರ್ ಸೇರಿ ಹತ್ತು. ಹತ್ತು ಸೆನ್ಸರ್ ಆರಿಸಿಕೊಂಡರೆ ಒಂದೊಂದಕ್ಕೂ ಸೆಕೆಂಡಿಗೆ ಒಂದೇ ಸರದಿ. ಮೂರನೇ ಗೇರಿನಲ್ಲಿ 1500ರಿಂದ 3500 ಆರ್‌ಪಿಎಂ ತನಕ ಪೂರ್ತಿ ಒತ್ತಿ ಎಳೆಯಲು ಎಂಟು ಸೆಕೆಂಡ್ ಹಿಡಿಯಿತು ಎನ್ನಿ, ನಿಮ್ಮ ಕೈಗೆ ಬರುವುದು ಎಂಟು ಸಾಲು. ಒಂದು ಸಾಲಿನಿಂದ ಇನ್ನೊಂದಕ್ಕೆ ಆರ್‌ಪಿಎಂ 250ರಷ್ಟು ಜಿಗಿದಿರುತ್ತದೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಒಂದೇ ಸಾಲಿನಲ್ಲಿ ಕಾಣುವ ಅಂಕಿಗಳು ಒಂದೇ ಕ್ಷಣದವಲ್ಲ. ಅಡಾಪ್ಟರ್ ಮೊದಲು ಆರ್‌ಪಿಎಂ ಕೇಳುತ್ತದೆ, ಆಮೇಲೆ ಥ್ರಾಟಲ್, ಆಮೇಲೆ ತಾಪಮಾನ, ಕೊನೆಗೆ ಏರ್‌ಫ್ಲೋ. ಅಷ್ಟರಲ್ಲಿ ಎಂಜಿನ್ ಮುಂದೆ ಹೋಗಿರುತ್ತದೆ. 2400 ಆರ್‌ಪಿಎಂ ಪಕ್ಕದಲ್ಲಿ 2600ರ ಗಾಳಿ ಬರೆದಿದ್ದರೆ ಆ ಲಾಗ್ ಇಟ್ಟುಕೊಂಡು ಟ್ಯೂನಿಂಗ್ ಮಾಡುವುದು ಅಪಾಯ.

ಎಂಎಕ್ಸ್ ಪ್ಲಸ್ ಇಲ್ಲಿ ಗೆಲ್ಲುತ್ತದೆ. ಕಂಪನಿ ಹೇಳಿಕೊಳ್ಳುವುದು ಸೆಕೆಂಡಿಗೆ 100 ರೀಡಿಂಗ್. ಗಾಡಿಯ ಇಸಿಯು (ಎಂಜಿನ್ ಕಂಪ್ಯೂಟರ್) ಎಷ್ಟು ಬೇಗ ಉತ್ತರ ಕೊಡುತ್ತದೋ ಅಷ್ಟೇ ಸಿಗುವುದು, ಆದ್ದರಿಂದ ಅದರ ಅರ್ಧ ಎಂದು ಹಿಡಿಯುವುದು ಸುರಕ್ಷಿತ. ಐದೇ ಸೆನ್ಸರ್ ಆರಿಸಿದರೆ ಒಂದೊಂದಕ್ಕೂ ಸೆಕೆಂಡಿಗೆ ಹತ್ತು ಸರದಿ ಬಂತು. ಕ್ಯಾನ್ ಎಂಬ ವೇಗದ ಸಂವಹನ ಪದ್ಧತಿಯಲ್ಲಿ (ಪ್ರೋಟೊಕಾಲ್) ಒಂದೇ ಪ್ರಶ್ನೆಯಲ್ಲಿ ಆರು ಪಿಐಡಿ (ಒಂದೊಂದು ಅಂಕಿ ಕೇಳುವ ಕೋಡ್) ತನಕ ಕೇಳುವ ಅವಕಾಶವಿದೆ. ಈ ಅಡಾಪ್ಟರ್ ಅದನ್ನೂ ಅದಕ್ಕೆ ಬರುವ ಉದ್ದದ ಉತ್ತರವನ್ನೂ ಸರಿಯಾಗಿ ನಿಭಾಯಿಸುತ್ತದೆ. ಅಗ್ಗದ ನಕಲುಗಳಲ್ಲಿ ಹಲವು ಇಲ್ಲೇ ಎಡವುತ್ತವೆ: ಉತ್ತರ ತುಂಡಾಗುತ್ತದೆ, ಇಲ್ಲವೇ ಸಂಪರ್ಕ ಕಡಿಯುತ್ತದೆ. ನಕಲಿ ಗುರುತಿಸುವ ಒಂದು ಖಚಿತ ದಾರಿ: ಡಬ್ಬಿಯ ಮೇಲೆ ಆವೃತ್ತಿ 1.5 ಎಂದಿದ್ದರೆ ಅದು ಮೂಲ ಚಿಪ್ ಅಲ್ಲ. ಇಎಲ್‌ಎಂ ಎಲೆಕ್ಟ್ರಾನಿಕ್ಸ್ 1.5 ಎಂಬ ಆವೃತ್ತಿಯನ್ನು ಬಿಡುಗಡೆ ಮಾಡಿಯೇ ಇಲ್ಲ. ಆ ಕೆನಡಾದ ಕಂಪನಿ 2022ರಲ್ಲಿ ಬಾಗಿಲನ್ನೂ ಹಾಕಿತು.

ಇನ್ನೆರಡು ಗುಣ ಮೆಚ್ಚುವಂಥವು. ಒಬಿಡಿ ಸಾಕೆಟ್ಟಿನ 16ನೇ ಪಿನ್ನಿಗೆ ಕೀ ತೆಗೆದರೂ ಬ್ಯಾಟರಿ ಕರೆಂಟ್ ಇರುತ್ತದೆ. ಅಗ್ಗದ ಡಬ್ಬಿ ಅಲ್ಲೇ ಬಿಟ್ಟರೆ ವಾರಗಟ್ಟಲೆ ನಿಂತ ಗಾಡಿಯ ಬ್ಯಾಟರಿ ಇಳಿಯಬಹುದು. ಎಂಎಕ್ಸ್ ಪ್ಲಸ್ ತಾನೇ ನಿದ್ದೆಗೆ ಹೋಗುತ್ತದೆ. ಎರಡನೆಯದು, ಜೋಡಿಸಲು ಅದರ ಮೇಲಿನ ಗುಂಡಿ ಒತ್ತಲೇಬೇಕು. 1234 ಎಂಬ ಪಾಸ್‌ವರ್ಡ್ ಹಾಕಿ ಪಕ್ಕದ ಗಾಡಿಯವರು ನಿಮ್ಮ ಇಸಿಯು ಜೊತೆ ಮಾತಾಡುವ ಭಯವಿಲ್ಲ. ದೂರು ಎಂದರೆ ಸಾಕೆಟ್ ಇರುವ ಜಾಗ. ಸ್ಟೀರಿಂಗ್ ಕೆಳಗೆ ಎಡಕ್ಕೆ ಸಾಕೆಟ್ ಇರುವ ಗಾಡಿಗಳಲ್ಲಿ ಕ್ಲಚ್ ಒತ್ತುವ ಕಾಲು ಅಡಾಪ್ಟರಿಗೆ ತಾಗುತ್ತದೆ. ಅಂಥ ಕಡೆ ಚಪ್ಪಟೆ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ, ಅಡಾಪ್ಟರನ್ನು ಡ್ಯಾಶ್‌ಬೋರ್ಡಿನ ಅಡಿಗೆ ಕಟ್ಟಿಬಿಡಿ. ಓಡುವಾಗ ಕೇಬಲ್ ಪೆಡಲ್ ಕೆಳಗೆ ಇಳಿಯಬಾರದು.

ಈ ಹಣ ಪೂರ್ತಿ ದಂಡವಾಗುವ ಗಾಡಿಗಳೂ ಇವೆ. ಕೆ-ಲೈನ್ ಎಂಬ ಹಳೆಯ ಸಂವಹನ ಪದ್ಧತಿಯ ಗಾಡಿಗಳಲ್ಲಿ ವೇಗವೇ ಸೆಕೆಂಡಿಗೆ 10,400 ಬಿಟ್. ಕ್ಯಾನ್ ಇರುವ ಗಾಡಿಯಲ್ಲಿ ಸಾಮಾನ್ಯವಾಗಿ 5 ಲಕ್ಷ ಬಿಟ್. ಕೆ-ಲೈನಿನಲ್ಲಿ ಎಷ್ಟು ದುಬಾರಿ ಅಡಾಪ್ಟರ್ ಹಾಕಿದರೂ ಸೆಕೆಂಡಿಗೆ ಕೆಲವೇ ರೀಡಿಂಗ್ ಬರುತ್ತವೆ. ಕೊಳ್ಳುವ ಮುಂಚೆ ಸಾಕೆಟ್ ಒಳಗೆ ಟಾರ್ಚ್ ಬೆಳಕು ಬಿಟ್ಟು ನೋಡಿ: 6 ಮತ್ತು 14ನೇ ಜಾಗದಲ್ಲಿ ಲೋಹದ ಪಿನ್ ಇದ್ದರೆ ಕ್ಯಾನ್ ಇರುವ ಸಾಧ್ಯತೆ ಹೆಚ್ಚು, ಅವು ಖಾಲಿಯಿದ್ದು 7ರಲ್ಲಿ ಮಾತ್ರ ಇದ್ದರೆ ಕೆ-ಲೈನ್. ಸ್ನೇಹಿತರ ಅಗ್ಗದ ಅಡಾಪ್ಟರ್ ಹಾಕಿ ಟರ್ಮಿನಲ್ (ಆಜ್ಞೆ ಟೈಪ್ ಮಾಡುವ ಪರದೆ) ಇರುವ ಆ್ಯಪಿನಲ್ಲಿ ಎಟಿಡಿಪಿ (ATDP) ಎಂದು ಟೈಪ್ ಮಾಡಿದರೆ ಯಾವ ಪ್ರೋಟೊಕಾಲ್ ಎಂಬ ಉತ್ತರವೇ ಬರುತ್ತದೆ.

ಇನ್ನೂ ದೊಡ್ಡ ಪ್ರಶ್ನೆ, ನಿಮ್ಮ ಗಾಡಿಗೆ ಏರ್‌ಫ್ಲೋ ಸೆನ್ಸರ್ ಇದೆಯೇ? ಮಾರುತಿಯ ಕೆ-ಸರಣಿ ಪೆಟ್ರೋಲ್ ಎಂಜಿನ್ನುಗಳಲ್ಲಿ ಇರುವುದು ಮ್ಯಾಪ್ ಸೆನ್ಸರ್. ಅದು ಎಂಜಿನ್ನಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿನ ಒತ್ತಡ ಅಳೆಯುತ್ತದೆ, ಗಾಳಿಯ ತೂಕವನ್ನಲ್ಲ. ಸ್ವಿಫ್ಟ್ ಡಿಡಿಐಎಸ್ಸಿನಲ್ಲಿದ್ದ ಫಿಯಟ್ 1.3 ಲೀಟರ್ ಡೀಸೆಲ್‌ನಂಥ ಎಂಜಿನ್ನುಗಳಲ್ಲಿ ಫಿಲ್ಟರ್ ಪೆಟ್ಟಿಗೆ ದಾಟಿದ ಕೂಡಲೇ ಹಾಟ್ ಫಿಲ್ಮ್ ಮಾಫ್ ಸೆನ್ಸರ್, ಅಂದರೆ ಗಾಳಿಯ ತೂಕ ಅಳೆಯುವ ಏರ್‌ಫ್ಲೋ ಸೆನ್ಸರ್ ಸಿಗುತ್ತದೆ. ಇಲ್ಲೊಂದು ಬಲೆ ಇದೆ. ಮಾಫ್ ಇಲ್ಲದ ಗಾಡಿಯಲ್ಲೂ ಆ್ಯಪ್ ಸೆಕೆಂಡಿಗೆ ಇಷ್ಟು ಗ್ರಾಂ ಎಂದು ತೋರಿಸಬಲ್ಲದು. ಅದು ಒತ್ತಡ, ತಾಪಮಾನ, ಆರ್‌ಪಿಎಂ ಮತ್ತು ನೀವು ವಾಹನದ ಪ್ರೊಫೈಲಿನಲ್ಲಿ ತುಂಬಿದ ವಾಲ್ಯುಮೆಟ್ರಿಕ್ ಎಫಿಶಿಯೆನ್ಸಿ (ಸಿಲಿಂಡರ್ ಶೇಕಡಾ ಎಷ್ಟು ಗಾಳಿ ತುಂಬಿಕೊಳ್ಳುತ್ತದೆ ಎಂಬ ಅಂಕಿ) ಸೇರಿಸಿ ಹಾಕಿದ ಅಂದಾಜು. ನೀವೇ ಕೊಟ್ಟ ಅಂಕಿ ನಿಮಗೇ ವಾಪಸ್ ಬಂದಂತೆ. ಟ್ಯೂನಿಂಗ್‌ಗೆ ಅದು ಬರುವುದಿಲ್ಲ.

ಸೆನ್ಸರ್ ನಿಜವಾಗಿ ಮಾತಾಡುತ್ತಿದೆಯೇ ಎಂದು ನೋಡಲು ಟರ್ಮಿನಲಿನಲ್ಲಿ 0110 ಕಳಿಸಿ. 41 10 13 88 ಎಂಬಂಥ ಉತ್ತರ ಬರಬೇಕು. ಕೊನೆಯ ಎರಡು ಜೋಡಿ ಹೆಕ್ಸಾ ಅಂಕಿ: 13 ಎಂದರೆ 19, 88 ಎಂದರೆ 136. 19ನ್ನು 256ರಿಂದ ಗುಣಿಸಿ 136 ಕೂಡಿಸಿದರೆ 5000, ಅದನ್ನು 100ರಿಂದ ಭಾಗಿಸಿದರೆ ಸೆಕೆಂಡಿಗೆ 50 ಗ್ರಾಂ. ನೋ ಡೇಟಾ ಎಂದು ಬಂದರೆ 0166 ಕಳಿಸಿ ನೋಡಿ. ಕೆಲವು ಹೊಸ ಗಾಡಿಗಳು ಏರ್‌ಫ್ಲೋವನ್ನು ಆ ಪಿಐಡಿಯಲ್ಲಿ ಇಡುತ್ತವೆ, ಅಲ್ಲಿ ಭಾಗಿಸಬೇಕಾದದ್ದು 32ರಿಂದ. ಎರಡಕ್ಕೂ ಉತ್ತರ ಇಲ್ಲದಿದ್ದರೆ ಸೆನ್ಸರ್ ಇಲ್ಲ, ಇಲ್ಲವೇ ತಯಾರಕರು ಅದನ್ನು ತಮ್ಮದೇ ಕೋಡಿನಲ್ಲಿ ಇಟ್ಟಿದ್ದಾರೆ.

ಟಾರ್ಕ್ ಪ್ರೊ ಆ್ಯಪ್ ಆಂಡ್ರಾಯ್ಡಿಗೆ ಮಾತ್ರ. ನೋಟ ಹಳೆಯದು, ಮೆನು ಆಳ. ಆದರೂ ಸಿಎಸ್‌ವಿ ಕಡತ ಸಲೀಸಾಗಿ ಕೈಗೆ ಬರುತ್ತದೆ ಎಂಬ ಒಂದೇ ಕಾರಣಕ್ಕೆ ಈ ಕೆಲಸಕ್ಕೆ ಇನ್ನೂ ಒಳ್ಳೆಯದು. ಅಡಾಪ್ಟರ್ ಸೆಟ್ಟಿಂಗಿನಲ್ಲಿ ಫಾಸ್ಟರ್ ಕಮ್ಯುನಿಕೇಷನ್ ಆನ್ ಮಾಡಿ. ಡೇಟಾ ಲಾಗಿಂಗ್ ವಿಭಾಗದಲ್ಲಿ ಆರಿಸಬೇಕಾದ್ದು ಇಷ್ಟೇ: ಆರ್‌ಪಿಎಂ, ಏರ್‌ಫ್ಲೋ, ಮ್ಯಾನಿಫೋಲ್ಡ್ ಒತ್ತಡ, ಇನ್‌ಟೇಕ್ ತಾಪಮಾನ, ಥ್ರಾಟಲ್ ಅಥವಾ ಪೆಡಲ್. ಪೆಟ್ರೋಲಿಗೆ ಎರಡು ಫ್ಯುಯೆಲ್ ಟ್ರಿಮ್ (ಇಸಿಯು ಇಂಧನವನ್ನು ಶೇಕಡಾ ಎಷ್ಟು ಹೆಚ್ಚು-ಕಡಿಮೆ ಮಾಡುತ್ತಿದೆ ಎಂಬ ಅಂಕಿ) ಸೇರಿಸಬಹುದು. ಡ್ಯಾಶ್‌ಬೋರ್ಡ್ ಪರದೆಯ ಮೇಲೆ ಬೇರೆ ಡಯಲ್ ಇಟ್ಟರೆ ಅವೂ ಸರದಿ ತಿನ್ನುತ್ತವೆ, ಆದ್ದರಿಂದ ಲಾಗ್ ಮಾಡುವಾಗ ಖಾಲಿ ಪರದೆ ಇರಲಿ. ಲಾಗಿಂಗ್ ಅಂತರವನ್ನು ತೀರಾ ಕಡಿಮೆ ಇಟ್ಟರೆ ರೀಡಿಂಗ್ ಬರುವ ಮೊದಲೇ ಸಾಲು ಬರೆದು ಹಳೆಯ ಅಂಕಿಯನ್ನೇ ಪುನಃ ಹಾಕುತ್ತದೆ. ಗ್ರಾಫ್ ಮೆಟ್ಟಿಲು ಮೆಟ್ಟಿಲಾಗಿ ಕಂಡರೆ ಕಾರಣ ಇದೇ. ಮೊಬೈಲಿನ ಬ್ಯಾಟರಿ ಆಪ್ಟಿಮೈಸೇಷನ್ ಪಟ್ಟಿಯಿಂದ ಆ್ಯಪನ್ನು ಹೊರಗಿಡಿ, ಇಲ್ಲವಾದರೆ ಪರದೆ ಆರಿದ ಮೇಲೆ ಲಾಗ್ ನಿಂತುಹೋಗಿದ್ದು ಮನೆಗೆ ಬಂದಾಗಲೇ ಗೊತ್ತಾಗುವುದು. ಐಫೋನ್ ಇರುವವರು ಒಬಿಡಿಲಿಂಕ್‌ನದೇ ಉಚಿತ ಆ್ಯಪ್ ಬಳಸಬೇಕು. ಕೆಲಸ ನಡೆಯುತ್ತದೆ.

ಈಗ ನಮ್ಮ ಊರಿನ ಲೆಕ್ಕ. ಜಾಲದಲ್ಲಿ ಸಿಗುವ ಏರ್‌ಫ್ಲೋ ಅಂಕಿಗಳು ಬಹುತೇಕ ಸಮುದ್ರಮಟ್ಟದವು. ಬೆಳಗಾವಿ ಇರುವುದು ಸುಮಾರು 750 ಮೀಟರ್ ಎತ್ತರದಲ್ಲಿ. ಎಂಜಿನ್ ಆಫ್, ಕೀ ಆನ್ ಇಟ್ಟು ಮ್ಯಾನಿಫೋಲ್ಡ್ ಒತ್ತಡ ನೋಡಿದರೆ 92–93 ಕಿಲೊಪಾಸ್ಕಲ್ ಬರಬೇಕು. ವಿಜಯಪುರದಲ್ಲಿ 94ರ ಆಸುಪಾಸು. ಚೋರ್ಲಾ ಘಾಟ್ ಇಳಿದು ಗೋವಾ ಮುಟ್ಟಿದರೆ 100 ದಾಟುತ್ತದೆ. ಈ ಅಂಕಿ 3–4ಕ್ಕಿಂತ ಹೆಚ್ಚು ತಪ್ಪಿದ್ದರೆ ಮೊದಲು ಒತ್ತಡದ ಸೆನ್ಸರನ್ನೇ ಅನುಮಾನಿಸಿ. 30 ಡಿಗ್ರಿಯಲ್ಲಿ ಇಲ್ಲಿನ ಒಂದು ಲೀಟರ್ ಗಾಳಿ ಸುಮಾರು 1.06 ಗ್ರಾಂ, ಪಣಜಿಯಲ್ಲಿ ಸುಮಾರು 1.16. ಅಂದರೆ ಟರ್ಬೊ ಇಲ್ಲದ ಗಾಡಿ ಬೆಳಗಾವಿಯಲ್ಲಿ ಶೇ 8ರಷ್ಟು ಕಡಿಮೆ ಗಾಳಿ ತೋರಿಸಿದರೆ ಅದು ರೋಗವಲ್ಲ.

ಲಾಗ್ ಸರಿಯಿದೆಯೇ ಎಂದು ಪರೀಕ್ಷಿಸುವ ಗುಣಾಕಾರ ಹೀಗಿದೆ. ಎಂಜಿನ್ ಲೀಟರ್ ಗುಣಿಸು ಆರ್‌ಪಿಎಂ ಭಾಗಿಸು 120, ಇದು ಸೆಕೆಂಡಿಗೆ ಎಳೆಯಬಹುದಾದ ಲೀಟರ್. ಒತ್ತಡವನ್ನು 0.287ರಿಂದಲೂ, 273 ಕೂಡಿಸಿದ ತಾಪಮಾನದಿಂದಲೂ ಭಾಗಿಸಿದರೆ ಲೀಟರಿಗೆ ಎಷ್ಟು ಗ್ರಾಂ ಎಂದು ಬರುತ್ತದೆ. 1248 ಸಿಸಿ ಡೀಸೆಲ್ 3000 ಆರ್‌ಪಿಎಂನಲ್ಲಿ, ಒತ್ತಡ 210 ಕಿಲೊಪಾಸ್ಕಲ್, ಇಂಟರ್‌ಕೂಲರ್ ದಾಟಿದ ಗಾಳಿ 50 ಡಿಗ್ರಿ ಎಂದಿಟ್ಟುಕೊಳ್ಳಿ. 31.2 ಲೀಟರ್, ಲೀಟರಿಗೆ 2.26 ಗ್ರಾಂ, ಒಟ್ಟು ಸುಮಾರು 70 ಗ್ರಾಂ. ಮಾಫ್ 60 ತೋರಿಸಿದರೆ ಶೇ 85, ಸರಿಯಾಗಿದೆ. 45 ತೋರಿಸಿದರೆ ಶೇ 64, ಸೆನ್ಸರ್ ಕಡಿಮೆ ಹೇಳುತ್ತಿದೆ, ಇಲ್ಲವೇ ಸೆನ್ಸರ್ ಮತ್ತು ಟರ್ಬೊ ನಡುವೆ ಎಲ್ಲೋ ಕಳ್ಳಗಾಳಿ ಸೇರುತ್ತಿದೆ. ಶೇ 100 ದಾಟಿದರೆ ಅಳೆದ ಗಾಳಿ ಎಂಜಿನ್ನಿಗೆ ಮುಟ್ಟುತ್ತಿಲ್ಲ, ಟರ್ಬೊ ನಂತರದ ಹೋಸ್ ಅಥವಾ ಕ್ಲ್ಯಾಂಪ್ ಸೋರುತ್ತಿದೆ.

ಲಕ್ಷಣವೂ ಇದಕ್ಕೆ ತಾಳೆಯಾಗುತ್ತದೆ. ಮಾಫ್ ಕಡಿಮೆ ಹೇಳಿದರೆ ಇಸಿಯು ಗಾಳಿ ಇಲ್ಲವೆಂದು ಡೀಸೆಲ್ ತಡೆಯುತ್ತದೆ: ಪಿಕಪ್ ಹೋಗುತ್ತದೆ, ಹೊಗೆ ಬರುವುದಿಲ್ಲ. ಹೋಸ್ ಸೀಳಿದ್ದರೆ ಅಳೆದ ಗಾಳಿಗೆ ತಕ್ಕಷ್ಟು ಡೀಸೆಲ್ ಬೀಳುತ್ತದೆ, ಗಾಳಿ ಹೊರಗೆ ಹೋಗಿರುತ್ತದೆ: ಪಿಕಪ್ಪೂ ಹೋಗುತ್ತದೆ, ಹಿಂದೆ ಕಪ್ಪು ಹೊಗೆಯೂ ಏಳುತ್ತದೆ. ಈ ಒಂದು ಭೇದ ತಿಳಿದರೆ ಸಾವಿರಾರು ರೂಪಾಯಿಯ ಸೆನ್ಸರ್ ಬದಲಿಸುವ ಮೊದಲು ನೂರು ರೂಪಾಯಿಯ ಕ್ಲ್ಯಾಂಪ್ ನೋಡುತ್ತೀರಿ. ಒಂದು ಎಚ್ಚರ: ಮಾಫ್ ಒಳಗಿರುವ ತಾಪಮಾನ ಸೆನ್ಸರ್ ಟರ್ಬೊಗಿಂತ ಮುಂಚಿನದು. ಪೂರ್ತಿ ಒತ್ತಿದಾಗಲೂ ಅದು 35 ಡಿಗ್ರಿಯಲ್ಲೇ ನಿಂತಿದ್ದರೆ ಅದನ್ನು ಈ ಲೆಕ್ಕಕ್ಕೆ ಹಾಕಬೇಡಿ.

ಟರ್ಬೊ ಗಾಡಿಯಲ್ಲಿ ಇನ್ನೊಂದು ಮಿತಿ ಇದೆ, ಇದು ಅಡಾಪ್ಟರಿನ ತಪ್ಪಲ್ಲ. ಮ್ಯಾನಿಫೋಲ್ಡ್ ಒತ್ತಡದ ಮಾಮೂಲಿ ಪಿಐಡಿಗೆ ಇರುವುದು ಒಂದೇ ಬೈಟ್, ಗರಿಷ್ಠ 255 ಕಿಲೊಪಾಸ್ಕಲ್. ಬೆಳಗಾವಿಯ ಗಾಳಿಯ ಒತ್ತಡ ಕಳೆದರೆ ಸುಮಾರು 1.6 ಬಾರ್ ಬೂಸ್ಟ್ (ಟರ್ಬೊ ಸೇರಿಸುವ ಒತ್ತಡ). ರಿಮ್ಯಾಪ್ ಆದ ಡೀಸೆಲ್ ಅದನ್ನು ದಾಟಿದರೂ ಲಾಗಿನಲ್ಲಿ 255ಕ್ಕೇ ಗೆರೆ ಎಳೆದಂತೆ ಇರುತ್ತದೆ. ಬೂಸ್ಟ್ ಸ್ಥಿರವಾಗಿದೆ ಎಂದು ಅದನ್ನು ಓದಿಕೊಳ್ಳಬಾರದು. ಗಾಡಿ ಬೆಂಬಲಿಸಿದರೆ 87 ಎಂಬ ಪಿಐಡಿ ಸೇರಿಸಿಕೊಳ್ಳಿ.

ಲಾಗ್ ತೆಗೆಯಲು ಜಾಗ ಬೇಕಲ್ಲ. ಸಂಕೇಶ್ವರದ ಕಡೆಗಿನ ಹೆದ್ದಾರಿಯಲ್ಲಿ ವಂಟಮೂರಿ ಘಾಟಿನ ಏರು ಒಳ್ಳೆಯದು. ಏರಿನಲ್ಲಿ ವೇಗ ಮಿತಿ ಮೀರದೆಯೇ ಎಂಜಿನ್ ಮೇಲೆ ಪೂರ್ತಿ ಭಾರ ಬೀಳುತ್ತದೆ. ಕೂಲಂಟ್ 80 ಡಿಗ್ರಿ ದಾಟಿರಲಿ, ಎಸಿ ಆಫ್ ಇರಲಿ, ಮೊಬೈಲ್ ಪಕ್ಕದ ಸೀಟಿನವರ ಕೈಯಲ್ಲಿರಲಿ. ಮೊದಲು ಎರಡು ನಿಮಿಷ ಐಡಲ್, ಆಮೇಲೆ ನಿಂತಲ್ಲೇ 2500 ಆರ್‌ಪಿಎಂ ಅರ್ಧ ನಿಮಿಷ, ಆಮೇಲೆ ಮೂರನೇ ಗೇರಿನ ಎಳೆತ. ಎಳೆತವನ್ನು ಅದೇ ಜಾಗದಲ್ಲಿ ಮೂರು ಸಲವಾದರೂ ತೆಗೆಯಿರಿ. ಮೂರೂ ಒಂದಕ್ಕೊಂದು ಶೇ 3ರೊಳಗೆ ಕೂಡದಿದ್ದರೆ ಆ ಲಾಗನ್ನು ಟ್ಯೂನರ್‌ಗೆ ಕಳಿಸಬೇಡಿ. ಡೀಸೆಲ್ ಐಡಲಿನಲ್ಲಿ ಏರ್‌ಫ್ಲೋ ಹಠಾತ್ತನೆ ಏರಿಳಿದರೆ ಗಾಬರಿ ಬೇಡ. ಇಜಿಆರ್ ವಾಲ್ವ್ ತೆರೆದಾಗ ಸುಟ್ಟ ಗಾಳಿ ಒಳಬಂದು ಹೊಸ ಗಾಳಿ ಕಡಿಮೆಯಾಗುತ್ತದೆ, ಮುಚ್ಚಿದಾಗ 1.3 ಲೀಟರ್ ಎಂಜಿನ್ನಿನಲ್ಲಿ 8 ಗ್ರಾಂ ಆಸುಪಾಸಿಗೆ ಮರಳುತ್ತದೆ. ಎರಡು ಸ್ಥಿತಿಗೂ ಒಂದೇ ಅಂಕಿ ಬಂದರೆ ಇಜಿಆರ್ ವಾಲ್ವ್ ಅಂಟಿಕೊಂಡಿದೆಯೇ ನೋಡಬೇಕು.

ಧೂಳಿನ ಮಾತು ಬಿಟ್ಟರೆ ನಮ್ಮ ಭಾಗದ ಲೆಕ್ಕ ಪೂರ್ತಿಯಾಗುವುದಿಲ್ಲ. ಕಬ್ಬಿನ ಹಂಗಾಮಿನಲ್ಲಿ ಗೋಕಾಕ, ಮುಧೋಳ, ಜಮಖಂಡಿ ರಸ್ತೆಗಳಲ್ಲಿ ಟ್ರ್ಯಾಕ್ಟರ್ ಟ್ರೇಲರ್ ಹಿಂದೆ ಓಡುವ ಗಾಡಿಯ ಫಿಲ್ಟರ್ ಕಂಪನಿಯ ವೇಳಾಪಟ್ಟಿಗೆ ಕಾಯುವುದಿಲ್ಲ. ಇಲ್ಲೊಂದು ಸೂಕ್ಷ್ಮವಿದೆ. ಫಿಲ್ಟರ್ ಕಟ್ಟಿಕೊಂಡರೆ ಮಾಫ್ ಸುಳ್ಳು ಹೇಳುವುದಿಲ್ಲ. ಗಾಳಿಯೂ ಒತ್ತಡವೂ ಒಟ್ಟಿಗೆ ಇಳಿದು ಮೇಲಿನ ಶೇಕಡಾ ಲೆಕ್ಕ ಸರಿಯಾಗಿಯೇ ಕಾಣುತ್ತದೆ. ಹೊಸ ಫಿಲ್ಟರ್ ಹಾಕಿದ ದಿನದ ಲಾಗ್ ಒಂದು ಜೋಪಾನ ಮಾಡಿಟ್ಟರೆ ಮಾತ್ರ ಇದು ಸಿಕ್ಕಿಬೀಳುತ್ತದೆ. ಫಿಲ್ಟರ್ ಅಂಚಿನ ರಬ್ಬರ್ ಸರಿಯಾಗಿ ಕೂರದೆ ಕೆಂಪು ಧೂಳು ಸೆನ್ಸರ್ ಫಿಲ್ಮ್ ಮೇಲೆ ಕೂತರೆ ಅಂಕಿ ಕಡಿಮೆಯಾಗುತ್ತದೆ. ಎಣ್ಣೆ ಹಚ್ಚುವ ಕಾಟನ್ ಫಿಲ್ಟರಿಗೆ ಎಣ್ಣೆ ಹೆಚ್ಚಾದರೂ ಅದೇ ಕಥೆ.

ತೊಳೆಯಲು ಮಾಫ್ ಕ್ಲೀನರ್ ಸ್ಪ್ರೇ ಮಾತ್ರ. ಕಾರ್ಬ್ಯುರೇಟರ್ ಕ್ಲೀನರ್ ಪ್ಲಾಸ್ಟಿಕ್ಕನ್ನೂ ಫಿಲ್ಮಿನ ಲೇಪವನ್ನೂ ತಿನ್ನಬಹುದು. ಬಟ್ಟೆ, ಬ್ರಶ್, ಬೆರಳು, ಕಂಪ್ರೆಸರ್ ಗಾಳಿ ಯಾವುದೂ ತಾಗಬಾರದು. ಸ್ಪ್ರೇ ಹೊಡೆದು ಅರ್ಧ ಗಂಟೆ ಒಣಗಲು ಬಿಟ್ಟು ಜೋಡಿಸಿ, ಮತ್ತೆ ಅದೇ ಏರಿನಲ್ಲಿ ಲಾಗ್ ತೆಗೆಯಿರಿ. ಹಳೆಯ ಅನಲಾಗ್ ಬಾಷ್ ಸೆನ್ಸರಾದರೆ ಮಲ್ಟಿಮೀಟರಿನಲ್ಲೂ ಪರೀಕ್ಷೆ ಇದೆ: ಕೀ ಆನ್, ಎಂಜಿನ್ ಆಫ್ ಇದ್ದಾಗ ಸಿಗ್ನಲ್ ವೈರಿನಲ್ಲಿ ಸುಮಾರು 1 ವೋಲ್ಟ್ ಇರಬೇಕು. 1.2ರ ಹತ್ತಿರ ಹೋಗಿದ್ದರೆ ತೊಳೆದರೂ ಬಹಳ ದಿನ ಬಾಳುವುದು ಕಷ್ಟ.

ಪೆಟ್ರೋಲ್ ಗಾಡಿಯವರಿಗೆ ಟ್ರಿಮ್ ಮುಖ್ಯ. ಐಡಲಿನಲ್ಲಿ ಲಾಂಗ್ ಟರ್ಮ್ ಟ್ರಿಮ್ +15 ಇದ್ದು 2500 ಆರ್‌ಪಿಎಂನಲ್ಲಿ +3ಕ್ಕೆ ಇಳಿದರೆ ವ್ಯಾಕ್ಯೂಮ್ ಸೋರಿಕೆ. ಭಾರ ಹೆಚ್ಚಿದಂತೆ ಟ್ರಿಮ್ಮೂ ಹೆಚ್ಚಿದರೆ ಮಾಫ್ ಕಡಿಮೆ ಹೇಳುತ್ತಿದೆ, ಇಲ್ಲವೇ ಪೆಟ್ರೋಲ್ ಒತ್ತಡ ಸಾಲುತ್ತಿಲ್ಲ. ಆದರೆ ಟ್ರಿಮ್ ನೋಡಿ ಮಾಫ್ ಟೇಬಲ್ ತಿದ್ದುವವರು ಇ20 ಮರೆಯಬಾರದು. ಶೇ 10 ಎಥನಾಲಿನ ಪೆಟ್ರೋಲಿಗೆ ಬೇಕಾದ ಗಾಳಿ ಅನುಪಾತ ಸುಮಾರು 14.1, ಶೇ 20ಕ್ಕೆ 13.5ರ ಆಸುಪಾಸು. ಇ10ಕ್ಕೆ ಹೊಂದಿಸಿದ ಗಾಡಿಗೆ ಇ20 ಹಾಕಿದರೆ ಸೆನ್ಸರ್ ಎಷ್ಟೇ ಚೊಕ್ಕವಾಗಿದ್ದರೂ +4 ಟ್ರಿಮ್ ಇಂಧನದಿಂದಲೇ ಬರುತ್ತದೆ. ಅದನ್ನು ಏರ್‌ಫ್ಲೋ ತಪ್ಪೆಂದು ತಿದ್ದಿದರೆ ಇಸಿಯು ಲೆಕ್ಕ ಹಾಕುವ ಲೋಡೇ ತಪ್ಪುತ್ತದೆ, ಅದರ ಜೊತೆ ಇಗ್ನಿಷನ್ ಟೈಮಿಂಗೂ.

ಉದ್ಯಮಬಾಗದಲ್ಲಿ ಲೇತ್, ಸಿಎನ್‌ಸಿ ಕೆಲಸ ಸುಲಭವಾಗಿ ಸಿಗುವುದರಿಂದ ದೊಡ್ಡ ಅಲ್ಯೂಮಿನಿಯಂ ಪೈಪ್ ಕೊರೆಸಿ ಅದರಲ್ಲಿ ಮಾಫ್ ಕೂರಿಸುವ ಆಸೆ ಕೆಲವರಿಗಿದೆ. ಫಿನಿಷಿಂಗ್ ಎಷ್ಟೇ ಚೆನ್ನಾಗಿರಲಿ, ಒಳವ್ಯಾಸ 60ರಿಂದ 70 ಮಿಲಿಮೀಟರ್ ಆದರೆ ಅಡ್ಡಕೊಯ್ತ 1.36 ಪಟ್ಟಾಗುತ್ತದೆ. ಸೆನ್ಸರ್ ಅಳೆಯುವುದು ತನ್ನ ಮುಂದೆ ಹಾಯುವ ಗಾಳಿಯನ್ನು ಮಾತ್ರ, ಆದ್ದರಿಂದ ರೀಡಿಂಗ್ ಶೇ 26ರಷ್ಟು ಇಳಿಯುತ್ತದೆ. ಮ್ಯಾಪಿನಲ್ಲಿ ಮಾಫ್ ಟೇಬಲ್ ತಿದ್ದುವ ಟ್ಯೂನರ್ ಜೊತೆ ಮಾತಾಡದೆ ಈ ಪೈಪ್ ಹಾಕಬೇಡಿ. ಮೂಲ ಪೈಪಿನಲ್ಲಿರುವ ಜೇನುಗೂಡು ಜಾಲರಿಯನ್ನೂ ಕೀಳಬೇಡಿ, ಗಾಳಿಯ ಸುಳಿ ನೇರವಾಗುವುದು ಅದರಿಂದಲೇ.

ಕೊಳ್ಳುವ ವಿಚಾರಕ್ಕೆ ಬಂದರೆ: ಕ್ಯಾನ್ ಮತ್ತು ಮಾಫ್ ಎರಡೂ ಇರುವ ಟರ್ಬೊ ಡೀಸೆಲ್, ರಿಮ್ಯಾಪ್ ಮಾಡಿಸುವ ನಿರ್ಧಾರ ಗಟ್ಟಿ ಎಂದಾದರೆ ಎಂಎಕ್ಸ್ ಪ್ಲಸ್ಸಿಗೆ ಹಣ ಹಾಕಿ, ಐದಕ್ಕೆ ನಾಲ್ಕೂವರೆ ಅಂಕ. ಲ್ಯಾಪ್‌ಟಾಪ್ ಗಾಡಿಯಲ್ಲಿ ಇಟ್ಟುಕೊಳ್ಳಬಲ್ಲವರು ಅದೇ ಕಂಪನಿಯ ಯುಎಸ್‌ಬಿ ಅಡಾಪ್ಟರ್ ಇಎಕ್ಸ್ ನೋಡಿ, ಕಡಿಮೆ ಬೆಲೆಗೆ ಸ್ಥಿರ ಸಂಪರ್ಕ ಸಿಗುತ್ತದೆ. ಕೆ-ಲೈನ್ ಗಾಡಿ, ಮ್ಯಾಪ್ ಸೆನ್ಸರಿನ ಸಣ್ಣ ಪೆಟ್ರೋಲ್ ಗಾಡಿ, ಅಥವಾ ಫಾಲ್ಟ್ ಕೋಡ್ ಓದಿ ಐಡಲ್ ಅಂಕಿ ನೋಡುವುದಷ್ಟೇ ಉದ್ದೇಶವಾದರೆ ಅಗ್ಗದ ಡಬ್ಬಿ ಸಾಕು, ಕೆಲಸವಾದ ಕೂಡಲೇ ಸಾಕೆಟ್ಟಿನಿಂದ ಕಿತ್ತಿಡಿ. ಉಳಿದ ಹಣದಲ್ಲಿ ಒಂದು ಏರ್ ಫಿಲ್ಟರ್, ಒಂದು ಮಾಫ್ ಕ್ಲೀನರ್ ಮತ್ತು ನಾಲ್ಕು ಒಳ್ಳೆಯ ಹೋಸ್ ಕ್ಲ್ಯಾಂಪ್ ಬರುತ್ತವೆ.